ಹೆಪ್ಪು ಕದಡದಂತೆ: ಹಲ್ಲು ಕಿತ್ತ ಮೇಲಿನ ಸಾಹಿತ್ಯ

ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್‌ನ ಒಂದು ಪುಟ್ಟ ಕತೆಯಿದೆ. 1962ರಲ್ಲಿ ಬಂದ ಸಂಕಲನದ್ದು. ಇಂಗ್ಲಿಷಿನಲ್ಲಿ ‘ಒನ್ ಆಫ್ ದೀಸ್ ಡೇಸ್’ ಎಂಬ ಹೆಸರಿನಲ್ಲಿ ಸಾಹಿತ್ಯದ ವಿದ್ಯಾರ್ಥಿಗಳು ಅನೇಕರು ಓದಿರುತ್ತಾರೆ. ಪದವಿಯಿಲ್ಲದ ದಂತವೈದ್ಯ ಔರೇಲಿಯೋ ಎಸ್ಕೋವಾರ್ ಸೋಮವಾರ ಬೆಳಗ್ಗೆ ಆರಕ್ಕೇ ಕೋಣೆ ತೆರೆದು ಕೆಲಸಕ್ಕೆ ಕೂತಿದ್ದಾನೆ. ಊರಿನ ಮೇಯರ್ ಹಲ್ಲು ಕೀಳಿಸಿಕೊಳ್ಳಲು ಬಂದಿದ್ದಾನೆಂದು ಮಗ ಬಂದು ಹೇಳಿದರೆ, ತಾನಿಲ್ಲವೆಂದು ಹೇಳಿ ಕಳಿಸಲು ನೋಡುತ್ತಾನೆ. ಕೀಳದಿದ್ದರೆ ಗುಂಡು ಹಾರಿಸುತ್ತಾನಂತೆ ಎಂಬ ಬೆದರಿಕೆಯನ್ನೂ ಮಗನೇ ತಂದು ಮುಟ್ಟಿಸುತ್ತಾನೆ. ದಂತವೈದ್ಯ ಅವಸರವಿಲ್ಲದೆ ಮೇಜಿನ ಕೆಳಗಿನ ಖಾನೆ ಎಳೆಯುತ್ತಾನೆ. ಅಲ್ಲೊಂದು ರಿವಾಲ್ವರ್ ಇದೆ. ಆದರೆ ಬಾಗಿಲಲ್ಲಿ ನಿಂತ ಮೇಯರನ ಮುಖ ನೋಡಿದಾಗ ಖಾನೆ ಮುಚ್ಚಿಕೊಳ್ಳುತ್ತದೆ. ಒಂದು ಕೆನ್ನೆ ಬೋಳಿಸಿದೆ, ಇನ್ನೊಂದು ಊದಿಕೊಂಡು ಐದು ದಿನದ ಗಡ್ಡ ಹೊತ್ತಿದೆ.

ಕೀಳಬೇಕಾದದ್ದು ಕೆಳದವಡೆಯ ಬುದ್ಧಿಹಲ್ಲು. ಕೀವು ತುಂಬಿರುವುದರಿಂದ ಅರಿವಳಿಕೆ ಕೊಡಲಾಗುವುದಿಲ್ಲ ಎನ್ನುತ್ತಾನೆ ವೈದ್ಯ. ಕೀಳುವಾಗ, ಇದು ನಮ್ಮ ಇಪ್ಪತ್ತು ಜನರ ಸಾವಿಗೆ ಲೆಕ್ಕ ಎಂಬರ್ಥದ ಒಂದೇ ಮಾತು. ಸೇಡಿನ ಕತೆಯೆಂದು ತರಗತಿಗಳಲ್ಲಿ ಪಾಠ ಮಾಡುತ್ತಾರೆ. ಅಧಿಕಾರದ ಕತೆಯೆಂದು ಪರೀಕ್ಷೆಯಲ್ಲಿ ಬರೆಯುತ್ತೇವೆ. ಎರಡೂ ಸರಿಯೇ. ಆದರೆ ಈ ಸಲ ಓದುವಾಗ ನನ್ನ ಕಣ್ಣು ನಿಂತದ್ದು ಕೊನೆಯ ಪುಟದ ಒಂದು ಸಣ್ಣ ಸಲಹೆಯ ಮೇಲೆ. ಹೋಗಿ ಮಲಗಬೇಕು, ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕು ಎಂದು ವೈದ್ಯ ಹೇಳುತ್ತಾನೆ. ಮೇಯರ್ ಎದ್ದು ಮಿಲಿಟರಿ ಸಲಾಮು ಹೊಡೆದು ಹೊರಡುತ್ತಾನೆ. ಬಿಲ್ಲು ನಿನಗೋ ಪುರಸಭೆಗೋ ಎಂಬ ಪ್ರಶ್ನೆಗೆ ಎರಡೂ ಒಂದೇ ಎಂದು ಉತ್ತರಿಸುತ್ತಾನೆ. ಕತೆ ಮುಗಿಯುತ್ತದೆ. ಉಪ್ಪುನೀರು ಕತೆಯ ಆಚೆಗೇ ಉಳಿಯುತ್ತದೆ. ಆ ರಾತ್ರಿ ಅವನು ಮಲಗಿದನೇ? ಉಪ್ಪುನೀರು ಕಾಯಿಸಿ ಕೊಟ್ಟವರು ಯಾರು? ಮೂರನೇ ದಿನ ಬಾಯಿ ಎಷ್ಟು ತೆರೆಯುತ್ತಿತ್ತು?

ಕತೆಗೆ ಇವೆಲ್ಲ ಬೇಕಿಲ್ಲ ಎಂಬುದು ನನಗೂ ಗೊತ್ತು. ಹಾಗಾದರೆ ಯಾವ ಕತೆಗೆ ಬೇಕು? ಹಲ್ಲು ಕೀಳುವುದನ್ನು ಸಾಹಿತ್ಯ ಧಾರಾಳವಾಗಿ ಬರೆದಿದೆ. ಕಿತ್ತ ಮೇಲಿನ ವಾರವನ್ನು ಬರೆದಂತಿಲ್ಲ.

ದಾಸ್ತೋವ್‌ಸ್ಕಿಯ ‘ಅಧೋಲೋಕದ ಟಿಪ್ಪಣಿಗಳು’ (1864) ನೆನಪು ಮಾಡಿಕೊಳ್ಳಿ. ಹಲ್ಲುನೋವಿನಲ್ಲೂ ಒಂದು ಸುಖವಿದೆ ಎಂದು ವಾದಿಸುವ ನಿರೂಪಕ, ಓದು ಕಲಿತ ಮನುಷ್ಯನ ನರಳಾಟ ಎರಡನೇ ಮೂರನೇ ದಿನಕ್ಕೆ ಹೇಗೆ ಬದಲಾಗುತ್ತದೆ ಎಂದು ವಿವರಿಸುತ್ತಾನೆ. ನೋವಿಗಾಗಿ ನರಳುವುದು ನಿಂತು, ಮನೆಯವರ ನಿದ್ದೆ ಕೆಡಿಸುವುದಕ್ಕಾಗಿ ನರಳುವುದು ಶುರುವಾಗುತ್ತದೆ. ಇದಕ್ಕಿಂತ ಒಳ್ಳೆಯ ಹಲ್ಲುನೋವಿನ ವಿಶ್ಲೇಷಣೆ ನಾನು ಓದಿಲ್ಲ. ಆದರೆ ಆ ನೋವು ವಾಸಿಯಾಗುವುದಿಲ್ಲ. ವಾಸಿಯಾದರೆ ಅವನಿಗೆ ವಾದವೇ ಉಳಿಯುವುದಿಲ್ಲ. ಥಾಮಸ್ ಮನ್‌ನ ‘ಬುಡನ್‌ಬ್ರೂಕ್ಸ್’ (1901) ಕಾದಂಬರಿಯಲ್ಲಿ ಥಾಮಸ್ ಬುಡನ್‌ಬ್ರೂಕ್ ದಂತವೈದ್ಯನ ಕುರ್ಚಿಯಲ್ಲಿ ಕೂರುತ್ತಾನೆ, ಹಲ್ಲಿನ ತಲೆ ಮುರಿದು ಬೇರು ಒಳಗೇ ಉಳಿಯುತ್ತದೆ, ಉಳಿದದ್ದು ನಾಳೆ ಎಂದು ಹೊರಟವನು ಬೀದಿಯ ಕೆಸರಲ್ಲಿ ಮುಖವಡಿಯಾಗಿ ಬೀಳುತ್ತಾನೆ. ಹಲ್ಲಿನಿಂದ ಯಾರಾದರೂ ಸಾಯುತ್ತಾರೆಯೇ ಎಂದು ಊರಿಗೆ ಊರೇ ಬೆರಗಾಗುತ್ತದೆ. ಆ ‘ನಾಳೆ’ ಬರುವುದೇ ಇಲ್ಲ. ಒಬ್ಬನಿಗೆ ನೋವು ತೀರುವುದಿಲ್ಲ, ಇನ್ನೊಬ್ಬನಿಗೆ ಬದುಕೇ ತೀರುತ್ತದೆ. ನಡುವಿನ ದಾರಿ, ಅಂದರೆ ನಮ್ಮಂಥವರೆಲ್ಲ ನಡೆಯುವ ದಾರಿ, ಖಾಲಿ.

ವರ್ಜೀನಿಯಾ ವುಲ್ಫ್ 1926ರಲ್ಲಿ ಪ್ರಕಟಿಸಿದ ‘ಆನ್ ಬೀಯಿಂಗ್ ಇಲ್’ ಪ್ರಬಂಧ ಈ ಖಾಲಿತನದ ಬಗ್ಗೆಯೇ ದೂರುತ್ತದೆ. ಪ್ರೇಮ, ಯುದ್ಧ, ಮತ್ಸರಗಳಂತೆ ಕಾಯಿಲೆಯೂ ಸಾಹಿತ್ಯದ ದೊಡ್ಡ ವಸ್ತು ಯಾಕಾಗಲಿಲ್ಲ ಎಂಬುದು ಅವಳ ಪ್ರಶ್ನೆ. ಆ ಪ್ರಬಂಧದ ಬಹು ಉದ್ದದ ಮೊದಲ ವಾಕ್ಯದಲ್ಲೇ ಹಲ್ಲು ಕೀಳಿಸಿಕೊಂಡು ಎಚ್ಚರಾಗುವ ಗಳಿಗೆ ಬರುತ್ತದೆ. ಬಾಯಿ ಮುಕ್ಕಳಿಸಿ ಎನ್ನುವ ದಂತವೈದ್ಯನ ಮಾತು ಸ್ವರ್ಗದಲ್ಲಿ ದೇವರು ಕೊಟ್ಟ ಸ್ವಾಗತದಂತೆ ಕೇಳಿಸುತ್ತದೆ. ತಮಾಷೆ ಮತ್ತು ಗಾಂಭೀರ್ಯ ಎರಡೂ ಇರುವ ಚಿತ್ರ. ಅಲ್ಲಿಂದ ಅವಳು ಜ್ವರದ ಕಡೆಗೆ ಹೊರಳುತ್ತಾಳೆ. ಹಲ್ಲು ಕಿತ್ತವರನ್ನು ಕುರ್ಚಿಯಲ್ಲೇ ಬಿಟ್ಟು!

ನಮ್ಮಲ್ಲಿ? ಕನ್ನಡದಲ್ಲಿ ಹಲ್ಲಿಗೆ ಸಂಬಂಧಿಸಿದ ನುಡಿಗಟ್ಟುಗಳಿಗೆ ಬರವಿಲ್ಲ. ಹಲ್ಲು ಕಚ್ಚಿ ಸಹಿಸುತ್ತೇವೆ, ಹಲ್ಲು ಮಸೆಯುತ್ತೇವೆ, ಸಾಹೇಬರ ಮುಂದೆ ಹಲ್ಲು ಗಿಂಜುತ್ತೇವೆ, ಜಗಳವಾದರೆ ಹಲ್ಲು ಉದುರಿಸುವುದಾಗಿ ಹೇಳುತ್ತೇವೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆಯಲ್ಲಿ ಒಂದಿಡೀ ಬಡತನದ ಕಾದಂಬರಿಯಿದೆ. ಆದರೆ ಹಲ್ಲು ಹೋಗುವುದಕ್ಕೆ ನಮ್ಮ ಪರಂಪರೆ ಎರಡೇ ವಯಸ್ಸು ಇಟ್ಟಿದೆ. ಒಂದು, ಹಾಲುಹಲ್ಲು ಬಿದ್ದು ಅದನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆಸೆಯುವ ವಯಸ್ಸು. ಇನ್ನೊಂದು ಮುಪ್ಪು, ಹಲ್ಲು ಹೋಗಿ ಬೆನ್ನು ಬಾಗುವುದಕ್ಕೆ ಮೊದಲೇ ಎಚ್ಚೆತ್ತುಕೊಳ್ಳಿ ಎಂದು ಬಸವಣ್ಣನವರ ವಚನ ಎಚ್ಚರಿಸುವ ವಯಸ್ಸು. ಇಪ್ಪತ್ತೆಂಟಕ್ಕೆ ಹಲ್ಲು ಕಳೆದುಕೊಳ್ಳುವವರಿಗೆ ಆಚರಣೆಯೂ ಇಲ್ಲ, ವಚನವೂ ಇಲ್ಲ.

ಬುದ್ಧಿಹಲ್ಲಿನ ಹೆಸರಿನಲ್ಲೇ ಒಂದು ತೊಡಕಿದೆ. ಲ್ಯಾಟಿನ್, ಅರಬ್ಬಿ, ಕನ್ನಡಗಳು ಅದನ್ನು ಬುದ್ಧಿಗೆ ಅಂಟಿಸಿವೆ. ತುರ್ಕಿಯಲ್ಲಿ ಅದು ಇಪ್ಪತ್ತರ ವಯಸ್ಸಿನ ಹಲ್ಲು. ಕೊರಿಯನ್ನರಿಗೆ ಪ್ರೇಮದ ಹಲ್ಲು. ಜಪಾನಿನಲ್ಲಿ ಅದರ ಹೆಸರು ‘ಒಯಾಶಿರಾಜು’, ಹೆತ್ತವರಿಗೆ ಗೊತ್ತಿಲ್ಲದ್ದು ಎಂದರ್ಥ. ಮಕ್ಕಳು ಅಪ್ಪ ಅಮ್ಮನ ಕಣ್ಣಳತೆ ದಾಟಿದ ಮೇಲೆ ಮೂಡುವ ಹಲ್ಲು. ಇವುಗಳಲ್ಲಿ ನನಗೆ ಹೆಚ್ಚು ನಿಜವೆನಿಸುವುದು ಜಪಾನಿ ಹೆಸರು. ಆದರೂ ಅದನ್ನು ಕೀಳಿಸಿಕೊಂಡವರನ್ನು ನೋಡಿಕೊಳ್ಳಲು ಬಸ್ಸು ಹತ್ತಿ ಬರುವವರು ಆ ಗೊತ್ತಿಲ್ಲದವರೇ.

ನನ್ನ ಸಂಶೋಧನೆಯ ವಿಷಯ ಆಧುನಿಕ ಕನ್ನಡ ಕಾದಂಬರಿಗಳಲ್ಲಿ ಕಾಯಿಲೆ. ಎರಡನೇ ಅಧ್ಯಾಯ ಬರೆಯುವ ನಡುವೆ ನನ್ನ ಬಲ ದವಡೆಯ ಕೆಳಗಿನ ಬುದ್ಧಿಹಲ್ಲನ್ನು ತೆಗೆಸಬೇಕಾಯಿತು. ನೇರ ಮೂಡದೆ, ಮುಂದಿನ ಹಲ್ಲಿಗೆ ತಲೆಯಾನಿಸಿ ಅಡ್ಡ ಮಲಗಿತ್ತು. ಎಕ್ಸ್‌ರೇಯಲ್ಲಿ ಅದು ಬಸ್ಸಿನ ಪಕ್ಕದ ಸೀಟಿನವರ ಹೆಗಲ ಮೇಲೆ ಒರಗಿ ನಿದ್ದೆಹೋದ ಪ್ರಯಾಣಿಕನಂತಿತ್ತು. ಒಸಡು ಕೊಯ್ದು, ಸ್ವಲ್ಪ ಮೂಳೆ ಕೊರೆದು, ಹಲ್ಲನ್ನು ಎರಡು ಹೋಳು ಮಾಡಿ ತೆಗೆದರು. ಮೂರು ಹೊಲಿಗೆ. ಇದನ್ನು ಉದ್ದ ಮಾಡುವುದಿಲ್ಲ. ಈ ಭಾಗವನ್ನು ಬರೆಯಲು ಮೇಲೆ ಹೇಳಿದ ಮಹಾನುಭಾವರಿದ್ದಾರೆ.

ಹೊರಡುವಾಗ ಕೈಗೆ ಒಂದು ಚೀಟಿ ಕೊಟ್ಟರು. ಅದರ ಭಾಷೆಯನ್ನು ಗಮನಿಸದೆ ಇರಲಾಗಲಿಲ್ಲ. ಉಗುಳಬೇಡಿ. ಸ್ಟ್ರಾ ಹಾಕಿ ಹೀರಬೇಡಿ. ಬಿಸಿ ಕುಡಿಯಬೇಡಿ. ನಾಲಗೆಯಿಂದ ಮುಟ್ಟಬೇಡಿ. 24 ಗಂಟೆ ಬಾಯಿ ಮುಕ್ಕಳಿಸಬೇಡಿ; ಆಮೇಲೆ ಉಗುರುಬೆಚ್ಚಗಿನ ಉಪ್ಪುನೀರು, ಅದೂ ಮೆಲ್ಲಗೆ. (ಎಸ್ಕೋವಾರ್ ಈ 24 ಗಂಟೆಯ ಮಾತು ಹೇಳುವುದಿಲ್ಲ. ಮರೆತನೋ, ಮೇಯರನಿಗೆ ಅಷ್ಟು ಸಾಕೆಂದುಕೊಂಡನೋ.) ಎಲ್ಲ ‘ಬೇಡಿ’ಗಳೂ ಒಂದೇ ಒಂದು ವಸ್ತುವಿಗಾಗಿ. ಹಲ್ಲು ಹೋದ ಕುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಮುಚ್ಚಳ, ಅದೇ ಮುಂದಿನ ಮಾಂಸಕ್ಕೂ ಮೂಳೆಗೂ ಅಡಿಪಾಯ. ಮೊದಲ ಕೆಲವು ದಿನಗಳಲ್ಲಿ ಅದು ಕಿತ್ತುಬಂದರೆ ಒಳಗಿನ ಮೂಳೆ ಗಾಳಿಗೆ ತೆರೆದುಕೊಂಡು, ಹಲ್ಲುನೋವೇ ವಾಸಿ ಎನ್ನಿಸುವಂಥ ನೋವು ಶುರುವಾಗುತ್ತದೆ.

‘ಹೆಪ್ಪು’ ಎಂಬ ಮಾತು ಆಸ್ಪತ್ರೆಗಿಂತ ಮೊದಲು ಅಡುಗೆಮನೆಯದು. ಹಾಲಿಗೆ ಹೆಪ್ಪು ಹಾಕಿ ಮುಚ್ಚಿಟ್ಟ ಮೇಲೆ ಪಾತ್ರೆ ಅಲುಗಿಸಬಾರದು, ಮುಚ್ಚಳ ತೆಗೆದು ನೋಡಬಾರದು. ಬೆಳಗಾದರೆ ಮೊಸರು. ಯಾರೂ ನೋಡದಿದ್ದಾಗ ಆಗುವ ಕೆಲಸ ಅದು. ಕತೆಗಾರನ ಸ್ವಭಾವವಾದರೋ ಮುಚ್ಚಳ ತೆಗೆದು ನೋಡುವುದು. ಕತೆಗೆ ಕದಡುವಿಕೆ ಬೇಕು, ಗಾಯಕ್ಕೆ ಅದು ಬೇಡ. ಸಾಹಿತ್ಯ ಗುಣವಾಗುವುದನ್ನು ಬಿಟ್ಟು ನೋವನ್ನೇ ಯಾಕೆ ಹಿಡಿಯುತ್ತದೆ ಎಂಬುದಕ್ಕೆ ನನಗೆ ಹೊಳೆದ ಮೊದಲ ಕಾರಣ ಇದು. ಎರಡನೆಯದು ಭಾಷೆಯಲ್ಲಿದೆ, ಅದು ಇನ್ನೂ ಗಟ್ಟಿಯಾದದ್ದು.

ಕಾಯಿಲೆ ಮತ್ತು ಸಾಹಿತ್ಯದ ಬಗ್ಗೆ ಸೆಮಿನಾರುಗಳಲ್ಲಿ ಪ್ರಬಂಧ ಮಂಡಿಸುವ ನಾವೆಲ್ಲ ಮೊದಲ ಪುಟದಲ್ಲೇ ಎಲೇನ್ ಸ್ಕ್ಯಾರಿಯ ‘ದ ಬಾಡಿ ಇನ್ ಪೇಯ್ನ್’ (1985) ಪುಸ್ತಕಕ್ಕೆ ಕೈಮುಗಿದು ಮುಂದೆ ಹೋಗುತ್ತೇವೆ. ದೇಹದ ನೋವು ಭಾಷೆಗೆ ಒಗ್ಗದಿರುವುದಷ್ಟೇ ಅಲ್ಲ, ಭಾಷೆಯನ್ನೇ ನಾಶ ಮಾಡುತ್ತದೆ ಎಂಬುದು ಅವಳ ಪ್ರಸಿದ್ಧ ವಾದ. ಚಿತ್ರಹಿಂಸೆಯ ಕೋಣೆಯನ್ನು ಎದುರಿಟ್ಟುಕೊಂಡು ಬರೆದ ಪುಸ್ತಕ ಅದು, ಅಲ್ಲಿ ಆ ವಾದಕ್ಕೆ ತೂಕವಿದೆ. ವುಲ್ಫ್ ಕೂಡ ಇಂಗ್ಲಿಷಿನಲ್ಲಿ ತಲೆನೋವಿಗೆ, ನಡುಕಕ್ಕೆ ಮಾತಿಲ್ಲವೆಂದು ಕೊರಗುತ್ತಾಳೆ. ಕನ್ನಡದಲ್ಲಿ ಈ ಮಾತು ಎಷ್ಟು ನಿಲ್ಲುತ್ತದೆ? ಹಲ್ಲು ಜುಮ್ಮೆನ್ನುತ್ತದೆ, ಚುಳ್ಳೆನ್ನುತ್ತದೆ. ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಸೊಂಟ ಹಿಡಿದುಕೊಳ್ಳುತ್ತದೆ, ಕಾಲು ಸೆಳೆಯುತ್ತದೆ, ಕಣ್ಣು ಉರಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಬೇನೆ ಬೇರೆ, ಶೂಲೆ ಬೇರೆ, ಚಳುಕು ಬೇರೆ. ಒಂದೊಂದು ಅಂಗಕ್ಕೂ ಅದರದೇ ಕ್ರಿಯಾಪದ. ಇವನ್ನೆಲ್ಲ ಕವಿಗಳು ಕಟ್ಟಿದ್ದಲ್ಲ, ಡಾಕ್ಟರ ಮುಂದೆ ಬೆಂಚಿನ ಮೇಲೆ ಕೂತವರು ಕಟ್ಟಿದ್ದು.

ಬಡತನ ಇರುವುದು ಇನ್ನೊಂದು ಕಡೆ. ಗುಣವಾಗುವುದಕ್ಕೆ ನಮ್ಮಲ್ಲಿರುವ ಮಾತುಗಳನ್ನು ಎಣಿಸಿ ನೋಡಿ. ಗುಣ, ವಾಸಿ, ಚೇತರಿಕೆ, ಸುಧಾರಣೆ. ಗಾಯಕ್ಕಾದರೆ ಮಾಯುವುದು. ಬೆರಳೆಣಿಕೆಗೆ ಮುಗಿಯಿತು. ಅವುಗಳಲ್ಲೂ ‘ವಾಸಿ’ ತನ್ನ ಕಾಲ ಮೇಲೆ ನಿಲ್ಲುವ ಮಾತಲ್ಲ. ಅದಕ್ಕಿಂತ ಇದು ವಾಸಿ ಎಂದು ಇನ್ನೊಂದಕ್ಕೆ ಆತುಕೊಂಡೇ ನಿಲ್ಲುತ್ತದೆ. ನಾನಿದ್ದ ಅಕ್ಕನ ಮನೆಗೆ ಊರಿಂದ ಬಂದಿದ್ದ ಅಮ್ಮ ದಿನಾ ಬೆಳಗ್ಗೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ನಿನ್ನೆಗಿಂತ ವಾಸಿ ಅಲ್ವಾ ಮಗಾ?” ಬಾವು ಎರಡನೇ ಮೂರನೇ ದಿನಕ್ಕೇ ಏರುವುದು. ಹಾಗಾಗಿ ಮೂರನೇ ದಿನ ಉತ್ತರ ಕೊಡುವುದು ಕಷ್ಟವಾಗಿತ್ತು. ನೋವು ಕಡಿಮೆ, ಕೆನ್ನೆ ಮಾತ್ರ ನಿನ್ನೆಗಿಂತ ದಪ್ಪ. ಕನ್ನಡಿಯ ಪ್ರಕಾರ ಹಿಂದಕ್ಕೆ ಹೋಗಿದ್ದೆ, ಮಾತ್ರೆಯ ಲೆಕ್ಕದ ಪ್ರಕಾರ ಮುಂದಕ್ಕೆ. ಹೀಗೆ ಏರಿಳಿಯುವ, ಎರಡು ಅಳತೆಗೋಲಿನಲ್ಲಿ ಎರಡು ಉತ್ತರ ಕೊಡುವ ಕಾಲವನ್ನು ಹೇಳಲು ‘ಚೇತರಿಸಿಕೊಂಡರು’ ಎಂಬ ಒಂದು ಭೂತಕಾಲದ ಕ್ರಿಯಾಪದವನ್ನೇ ನಮ್ಮ ಕಾದಂಬರಿಗಳು ನೆಚ್ಚಿಕೊಂಡಿವೆ. ಜ್ವರ ಬಂತು ಎಂಬುದಕ್ಕೆ ಎರಡು ಪುಟ. ಒಂದು ತಿಂಗಳಲ್ಲಿ ಚೇತರಿಸಿಕೊಂಡರು ಎಂಬುದಕ್ಕೆ ಅರ್ಧ ಸಾಲು. ನಾನು ಅಧ್ಯಾಯಕ್ಕಾಗಿ ಮಾಡಿಕೊಂಡ ಟಿಪ್ಪಣಿಗಳಲ್ಲಿ ಈ ಅರ್ಧ ಸಾಲು ಮತ್ತೆ ಮತ್ತೆ ಬರುತ್ತದೆ.

‘ಮಾಯು’ ಇನ್ನೂ ಕುತೂಹಲದ ಮಾತು. ಗಾಯ ಮಾಯಿತು ಎಂದಾಗ ಕಿವಿಗೆ ಮಾಯವಾಯಿತು ಎಂಬುದೂ ಕೇಳಿಸುತ್ತದೆ. ನಿಘಂಟಿನಲ್ಲಿ ಇವೆರಡರ ಮೂಲ ಬೇರೆಯಿದ್ದರೂ ಕಿವಿ ಆ ಭೇದ ಮಾಡುವುದಿಲ್ಲ. ವಾಸಿಯಾಗುವುದೆಂದರೆ ಸಾಕ್ಷಿ ಅಳಿಸಿಹೋಗುವುದು. ಚರ್ಮದ ಮೇಲಿನ ಗಾಯ ಒಂದು ಕಲೆಯನ್ನಾದರೂ ಬಿಡುತ್ತದೆ (ಕಲೆ ಎಂಬ ಪದದ ಶ್ಲೇಷೆ ಹಳೆಯದು, ಅದರ ತಂಟೆಗೆ ಹೋಗುವುದಿಲ್ಲ). ಹಲ್ಲಿನ ಕುಳಿ ಅದನ್ನೂ ಬಿಡುವುದಿಲ್ಲ. ವಾರಗಳಲ್ಲಿ ಒಸಡು ಕೂಡಿಕೊಳ್ಳುತ್ತದೆ, ತಿಂಗಳುಗಳಲ್ಲಿ ಮೂಳೆ ತುಂಬಿಕೊಳ್ಳುತ್ತದೆ. ನಾಲಗೆಗೆ ಮಾತ್ರ ಕೆಲವು ಕಾಲ ಜಾಗ ನೆನಪಿರುತ್ತದೆ.

ನಾಲಗೆಯ ಮಾತು ಬಂದದ್ದರಿಂದ ಒಂದು ಸಣ್ಣ ಅಡ್ಡದಾರಿ. ನಮ್ಮ ವರ್ಣಮಾಲೆ ಬಾಯಿಯ ನಕ್ಷೆ. ಗಂಟಲಿನಿಂದ ಹೊರಟು ಅಂಗಳು, ಹಲ್ಲು ದಾಟಿ ತುಟಿಗೆ ಬರುವ ಕ್ರಮದಲ್ಲಿ ಅಕ್ಷರಗಳನ್ನು ಜೋಡಿಸಿದ ಜನ ನಾವು. ಕೇಶಿರಾಜ ಹದಿಮೂರನೇ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಧ್ವನಿ ಹುಟ್ಟುವ ಬಗೆಯನ್ನು ವಿವರಿಸುತ್ತಾನೆ: ಗಾಳಿ ಅನುಕೂಲವಾಗಿದ್ದು, ಜೀವಕ್ಕೆ ಇಷ್ಟವಿದ್ದಾಗ, ನಾಭಿಯ ಮೂಲದಿಂದ ಕಹಳೆಯಂತೆ ಶಬ್ದವೆಂಬ ದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿ. ಎಂ.ಎ. ತರಗತಿಯಲ್ಲಿ ಆ ಬಿಳಿ ಬಣ್ಣಕ್ಕೆ ನಾವು ನಕ್ಕಿದ್ದೆವು. ಈಗ ನನ್ನನ್ನು ಹಿಡಿದದ್ದು ಶಬ್ದ ಒಂದು ದ್ರವ್ಯ ಎನ್ನುವ ಅವನ ಮಾತು, ಮತ್ತು ಅವನು ಮುಂದಿಡುವ ಎರಡು ಷರತ್ತುಗಳು. ಚುಚ್ಚುಮದ್ದಿನಿಂದ ಅರ್ಧ ತುಟಿ, ಅರ್ಧ ನಾಲಗೆ ಜೋಮು ಹಿಡಿದ ಆ ಮಧ್ಯಾಹ್ನ ಜೀವಕ್ಕೆ ಇಷ್ಟವಿತ್ತು, ಗಾಳಿ ಅನುಕೂಲವಿರಲಿಲ್ಲ. ಪ, ಬ, ಮ ಮೂರೂ ತುಟಿಯ ಒಂದು ಮೂಲೆಯಿಂದ ಸೋರುತ್ತಿದ್ದವು. ಹಳಗನ್ನಡದಲ್ಲಿ ಹಲ್ಲಿಗೆ ‘ಪಲ್’ ಎಂದು ಹೆಸರು. ಆ ಸ್ಥಿತಿಯಲ್ಲಿ ನನಗೆ ‘ಪಲ್’ ಎನ್ನಲು ಆಗುತ್ತಿರಲಿಲ್ಲ, ‘ಹಲ್ಲು’ ಎನ್ನಬಹುದಿತ್ತು. ಪಕಾರ ಹಕಾರವಾದ ಶತಮಾನಗಳ ಬದಲಾವಣೆಗೆ ನಾನು ಕೃತಜ್ಞತೆ ಹೇಳಿದೆ, ಮನಸ್ಸಿನಲ್ಲೇ. ಕನ್ನಡದ ಬಾಯಿಂದ ಕಿತ್ತುಹೋದ ಱ, ೞ ಎಂಬ ಎರಡು ಅಕ್ಷರಗಳ ಜಾಗಕ್ಕೂ ಪಕ್ಕದ ರ, ಳ ಸರಿದು ಬಂದು ಕೂತಿವೆ. ಇವತ್ತು ಓದುವವರಿಗೆ ಅಲ್ಲಿ ಕುಳಿಯಿತ್ತೆಂಬುದೇ ತಿಳಿಯುವುದಿಲ್ಲ. ಮಾಯಿತು ಎನ್ನುವುದು ಇದನ್ನೇ.

ಮತ್ತೆ ವಿಷಯಕ್ಕೆ. ಮೂರನೆಯ ಕಾರಣವನ್ನು ನನಗೆ ಕೊಟ್ಟದ್ದು ಅಮ್ಮ. ಮೊದಲ ದಿನ ತಣ್ಣಗಿನ ಮಜ್ಜಿಗೆ, ಆಮೇಲೆ ಆರಿಸಿದ ರಾಗಿ ಅಂಬಲಿ, ನಾಲ್ಕನೇ ದಿನ ಕಿವುಚಿದ ಮೊಸರನ್ನ. ಬಾಯಿ ಎರಡು ಬೆರಳಗಲ ಮಾತ್ರ ತೆರೆಯುತ್ತಿದ್ದುದರಿಂದ ಮಾತಾಡುವ ಸರದಿ ಅವಳದಾಗಿತ್ತು. ಒಂದು ಸಂಜೆ ಅವಳು ತನ್ನ ದವಡೆಹಲ್ಲು ಕೀಳಿಸಿಕೊಂಡದ್ದನ್ನು ಹೇಳಿದಳು. ನಾನು ಆಗ ಹುಟ್ಟಿರಲಿಲ್ಲ. ಬೆಳಗ್ಗೆ ತಾಲ್ಲೂಕು ಕೇಂದ್ರಕ್ಕೆ ಹೋಗಿ ಹಲ್ಲು ತೆಗೆಸಿಕೊಂಡು, ಬಾಯಿಗೆ ಹತ್ತಿ ಕಚ್ಚಿಕೊಂಡು, ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದು ಸಂಜೆ ಒಂಬತ್ತು ಜನಕ್ಕೆ ಮುದ್ದೆ ತೊಳಸಿದ್ದಳು. “ಆಮೇಲೆ?” ಎಂದು ಕೈಸನ್ನೆಯಲ್ಲಿ ಕೇಳಿದೆ. “ಆಮೇಲೇನು, ಆಮೇಲೆ ಇಲ್ಲ. ಮಾರನೇ ದಿನ ಕಳೆ ಕೀಳೋಕೆ ಹೋದೆ” ಎಂದಳು.

ನಾನು ಸಾಹಿತ್ಯದಲ್ಲಿ ಹುಡುಕುತ್ತಿದ್ದ ಆ ‘ಆಮೇಲೆ’ ಅವಳ ಬದುಕಿನಲ್ಲೇ ಇರಲಿಲ್ಲ. ಚೇತರಿಸಿಕೊಳ್ಳಲು ಸಮಯ ಬೇಕು, ಆ ಸಮಯದಲ್ಲಿ ನಿಮ್ಮ ಕೆಲಸ ಮಾಡುವ ಇನ್ನೊಬ್ಬರು ಬೇಕು. ನನಗೆ ಫೆಲೋಶಿಪ್ಪಿನ ರಜೆಯಿತ್ತು, ಅಕ್ಕನ ಮನೆಯಿತ್ತು, ಅಮ್ಮನಿದ್ದಳು. ಕಾದಂಬರಿಯ ಆ ಅರ್ಧ ಸಾಲಿನ ಹಿಂದೆ ಗಂಜಿ ಕಾಯಿಸಿದವರು, ಬಟ್ಟೆ ಒಗೆದವರು, ರಾತ್ರಿ ಎದ್ದು ಹಣೆ ಮುಟ್ಟಿ ನೋಡಿದವರು ಇದ್ದೇ ಇರುತ್ತಾರೆ. ಅವರ ಕೆಲಸದಲ್ಲಿ ತಿರುವುಗಳಿಲ್ಲ. ನಿನ್ನೆ ಮಾಡಿದ್ದನ್ನೇ ಇವತ್ತೂ ಮಾಡಬೇಕು. ನೋವಿಗೆ ಒಬ್ಬ ನಾಯಕ ಸಿಗುತ್ತಾನೆ. ಗುಣವಾಗುವುದಕ್ಕೆ ಕನಿಷ್ಠ ಇಬ್ಬರು ಬೇಕು, ಅವರಲ್ಲಿ ಎರಡನೆಯವರು ಹೆಚ್ಚಾಗಿ ಹೆಂಗಸರು. ಚೇತರಿಕೆಯನ್ನು ಬರೆಯದೆ ಬಿಟ್ಟಾಗ ಆ ಎರಡನೆಯವರನ್ನೂ ಬಿಟ್ಟಂತಾಯಿತು. ದಾಸ್ತೋವ್‌ಸ್ಕಿಯ ನರಳುವವನ ಮನೆಯಲ್ಲಿ ನಿದ್ದೆಗೆಟ್ಟು ಎದ್ದವರು ಯಾರು, ಅವರ ಹೆಸರೇನು ಎಂದು ನಾವು ಕೇಳಿದ್ದುಂಟೇ?

ಹಾಗಂತ ಕನ್ನಡದಲ್ಲಿ ಇದರ ಬಗ್ಗೆ ಏನೂ ಇಲ್ಲವೆಂದರೆ ಅನ್ಯಾಯವಾದೀತು. ಎರಡು ಕೃತಿಗಳನ್ನು ಈ ಕಣ್ಣಿನಿಂದ ಮತ್ತೆ ಓದಬೇಕೆನ್ನಿಸಿದೆ.

ಒಂದು, ಲಂಕೇಶರ ‘ಗುಣಮುಖ’ ನಾಟಕ. 1739ರಲ್ಲಿ ದೆಹಲಿಯನ್ನು ಸೂರೆಗೊಂಡ ನಾದಿರ್ ಶಾ ಇಲ್ಲಿ ರೋಗಿ. ಎದುರಿಗೆ ಹಕೀಮ ಅಲಾವಿ ಖಾನ್. ಮಾರ್ಕ್ವೆಜ್‌ನ ಕತೆಯ ಪಕ್ಕಕ್ಕಿಟ್ಟರೆ ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ. ಎರಡೂ ಕಡೆ ರಕ್ತ ಹರಿಸಿದ ಅಧಿಕಾರಿ ಕಾಯಿಲೆ ಬಿದ್ದು ತನ್ನ ದೇಹವನ್ನು ಒಬ್ಬ ನಿರ್ಭೀತನ ಕೈಗೆ ಒಪ್ಪಿಸಬೇಕಾಗುತ್ತದೆ. ಕೊಲ್ಲಬಲ್ಲವನು ಚಿಕಿತ್ಸೆಗಾಗಿ ಬಾಯಿ ತೆರೆದು ಕೂರಬೇಕು. ಆದರೆ ಮಾರ್ಕ್ವೆಜ್‌ಗೆ ಆ ಕೆಲವು ನಿಮಿಷಗಳು ಸಾಕು. ಹಲ್ಲು ಹೊರಬಂದೊಡನೆ ಅಧಿಕಾರ ಮತ್ತೆ ಎದ್ದು ನಿಲ್ಲುತ್ತದೆ. ಎಸ್ಕೋವಾರನ ಇಕ್ಕಳ ಹಲ್ಲಿಗೆ ತಲುಪೀತು, ಮೇಯರಿಗೆ ತಲುಪುವುದಿಲ್ಲ. ಬಿಲ್ಲಿನ ಬಗೆಗಿನ ಆ ಕೊನೆಯ ಉತ್ತರ ಅದಕ್ಕೆ ಸಾಕ್ಷಿ. ಲಂಕೇಶರಿಗೆ ಕೀಳುವುದರಲ್ಲಿ ಆಸಕ್ತಿಯಿಲ್ಲ. ಅವರ ಹಕೀಮ ನಂಬುವುದು ಮದ್ದಿಗಿಂತ ಹೆಚ್ಚಾಗಿ ಮಾತನ್ನು, ಹೊಗಳುಭಟರ ನಡುವೆ ಯಾರೂ ಆಡದಿದ್ದ ನಿಜದ ಮಾತನ್ನು. ಅದು ಒಂದೇ ಎಳೆತಕ್ಕೆ ಮುಗಿಯುವ ಚಿಕಿತ್ಸೆಯಲ್ಲ.

ನಾಟಕದ ಹೆಸರೇ ನೋಡಿ. ಗುಣವಾದ ಎಂದಲ್ಲ, ಗುಣಮುಖ. ಗುಣದ ಕಡೆಗೆ ಮುಖ ಮಾಡಿದವನು. ಪತ್ರಿಕೆಗಳಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದವರಿಗೆಲ್ಲ ಬಳಸಿ ಬಳಸಿ ಸವೆದ ಈ ಪದದಲ್ಲಿ ‘ಮುಖ’ ಇನ್ನೂ ಎಚ್ಚರವಾಗಿದೆ ಎಂದು ಕಂಡವರು ಲಂಕೇಶ್. ಕನ್ನಡದ ಚೇತರಿಕೆಯ ಪದಗಳಲ್ಲಿ ದಿಕ್ಕು ಇರುವುದು ಇದೊಂದಕ್ಕೇ. ವಾಸಿ ಹಿಂದಕ್ಕೆ ನೋಡುತ್ತದೆ, ಮಾಯು ಅಳಿಸುತ್ತದೆ, ಗುಣಮುಖ ಮಾತ್ರ ಮುಂದಕ್ಕೆ ತಿರುಗಿ ನಿಂತಿರುತ್ತದೆ, ತಲುಪುವ ಖಾತ್ರಿಯಿಲ್ಲದೆ. ನಾಟಕವನ್ನು ಸರ್ವಾಧಿಕಾರದ ವಿಮರ್ಶೆಯಾಗಿ ಓದುವುದು ರೂಢಿ. ಕಾಯಿಲೆಯನ್ನು ರೂಪಕವೆಂದು ಬೇಗ ಪಕ್ಕಕ್ಕಿಟ್ಟುಬಿಡುತ್ತೇವೆ. ಅದನ್ನು ಕಾಯಿಲೆಯಾಗಿಯೇ ಇಟ್ಟು ಓದಿದರೆ ಹಕೀಮನ ಸಹನೆ ಕಾಣುತ್ತದೆ. ಇವನನ್ನು ವಾಸಿ ಮಾಡಿದರೆ ಇನ್ನೆಷ್ಟು ಜನ ಸಾಯುತ್ತಾರೋ ಎಂಬ ಲೆಕ್ಕ ಎಸ್ಕೋವಾರನಿಗೆ ಇದ್ದಷ್ಟೇ ಅವನ ಮುಂದೆಯೂ ಇದೆ. ಹಾಗಿದ್ದೂ ಅವನು ರೋಗಿಯ ಎದುರು ಕೂರುತ್ತಾನೆ.

ಎರಡನೆಯದು ತ್ರಿವೇಣಿಯವರ ‘ಶರಪಂಜರ’. 1971ರ ಪುಟ್ಟಣ್ಣ ಕಣಗಾಲರ ಸಿನಿಮಾದಿಂದ ಅದು ಮನೆಮಾತಾಯಿತು, ಆ ಸಿನಿಮಾದ ನೆರಳಲ್ಲೇ ಕಾದಂಬರಿಯನ್ನು ಓದುವ ಅಭ್ಯಾಸವೂ ಬಂತು. ಹುಚ್ಚಿನ ಕತೆಯೆಂದು ಅದನ್ನು ವರ್ಗ ಮಾಡಿಟ್ಟಿದ್ದೇವೆ. ನನ್ನ ಮಟ್ಟಿಗೆ ಅದು ಕನ್ನಡದಲ್ಲಿ ಚೇತರಿಕೆಯನ್ನು ಕುರಿತ ದೊಡ್ಡ ಕಾದಂಬರಿ. ಕಾವೇರಿ ಆಸ್ಪತ್ರೆಯಿಂದ ಮನೆಗೆ ಬರುವಾಗ ಗುಣವಾಗಿದ್ದಾಳೆ. ಬೇರೆಯವರು ಅರ್ಧ ಸಾಲಿನಲ್ಲಿ ದಾಟಿಬಿಡುವ ಜಾಗದಲ್ಲಿ ತ್ರಿವೇಣಿ ನಿಲ್ಲುತ್ತಾರೆ. ನಕ್ಕರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಸಿಟ್ಟು ಬಂದರಂತೂ ಮುಗಿಯಿತು. ಎಲ್ಲರಿಗೂ ಇರುವ ಸಿಟ್ಟು, ದುಃಖ, ಮರೆವು ಅವಳಲ್ಲಿ ಕಂಡರೆ ಮಾತ್ರ ರೋಗದ ಗುರುತು. ವಾಸಿಯಾದದ್ದನ್ನು ಸಾಬೀತು ಮಾಡಲು ಅವಳಿಗಿರುವ ಸಾಧನ ಮಾತು. ಆ ಮಾತನ್ನೇ ಯಾರೂ ನಂಬುವುದಿಲ್ಲ. ಹೆಪ್ಪು ಕೂಡುವುದಕ್ಕೆ ಬಿಡದೆ ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದು ನೋಡುತ್ತಾರೆ. ಕೊನೆಗೆ ಅವಳು ಎಲ್ಲಿಂದ ಬಂದಿದ್ದಳೋ ಅಲ್ಲಿಗೇ ಮರಳುತ್ತಾಳೆ.

ಇವೆರಡೂ ಶ್ರೇಷ್ಠ ಕೃತಿಗಳು. ಆದರೆ ಒಂದು ಮಾತು ಹೇಳಬೇಕು. ಚೇತರಿಕೆ ಇಲ್ಲಿ ಬರೆಯಬಹುದಾದ ವಸ್ತುವಾದದ್ದು ಅದಕ್ಕೆ ಅಡ್ಡಿ ಬಂದದ್ದರಿಂದ. ಒಂದರಲ್ಲಿ ರಾಜ್ಯಾಧಿಕಾರ ಅಡ್ಡ ನಿಂತಿದೆ, ಇನ್ನೊಂದರಲ್ಲಿ ಮನೆ. ಯಾವ ಅಡ್ಡಿಯೂ ಇಲ್ಲದೆ, ಏಳನೇ ದಿನ ಹೊಲಿಗೆ ಬಿಚ್ಚಿಸಿ, ಹತ್ತನೇ ದಿನ ರೊಟ್ಟಿ ಅಗಿಯುವ ಸಾಮಾನ್ಯ ಚೇತರಿಕೆಗೆ ಕನ್ನಡ ಗದ್ಯ ಇನ್ನೂ ರೂಪ ಹುಡುಕಿಲ್ಲ. ಲಲಿತ ಪ್ರಬಂಧ ಹುಡುಕಬಹುದಿತ್ತು. ನಾನು ಓದಿದ ಮಟ್ಟಿಗೆ ಅದು ಹಲ್ಲು ಕೀಳಿಸಿಕೊಳ್ಳುವುದನ್ನು ನಗೆಯಾಗಿಸಿ, ಕುರ್ಚಿಯಿಂದ ಏಳುತ್ತಲೇ ಮುಗಿದುಬಿಡುತ್ತದೆ. ದಿನಚರಿಯ ರೂಪ ಹೊಂದೀತೇನೋ. ದಿನವೂ ಬಹುಪಾಲು ಅದೇ ಸಾಲು, ಒಂದೆರಡು ಪದ ಮಾತ್ರ ಬೇರೆ. ಬರೆಯುವವರು ಮಲಗಿದವರೇ ಆಗಬೇಕೆಂದೂ ಇಲ್ಲ. ಅಂಬಲಿ ಕಾಯಿಸುವವರ ಕಡೆಯಿಂದ ಬರೆದರೆ ಅದು ಇನ್ನೊಂದೇ ಪುಸ್ತಕವಾಗುತ್ತದೆ.

ನನ್ನ ಮಾರ್ಗದರ್ಶಕರಿಗೆ ಎರಡನೇ ಅಧ್ಯಾಯದ ಹೊಸ ರೂಪುರೇಷೆ ಕೊಟ್ಟಿದ್ದೇನೆ. ನೋವು ಮತ್ತು ಭಾಷೆಯ ಭಾಗ ಹನ್ನೆರಡು ಪುಟಕ್ಕೆ ಇಳಿದಿದೆ, ‘ಶರಪಂಜರ’ ನಡುವಿಗೆ ಬಂದಿದೆ. ಕೊನೆಯಲ್ಲಿ ‘ಆಮೇಲೆ’ ಎಂಬ ತಲೆಬರಹ ಹಾಕಿ ಆರು ಪುಟ ಬಿಟ್ಟಿದ್ದೇನೆ. ಇಲ್ಲಿ ಯಾವ ಕೃತಿ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ವಾಪಸು ಕಳಿಸಿದ್ದಾರೆ. ಹುಡುಕುತ್ತಿದ್ದೇನೆ, ಓದಿದವರಿಗೆ ಯಾವುದಾದರೂ ನೆನಪಾದರೆ ತಿಳಿಸಿ.